ಕಾರು ಕಂಪನಿಗಳು ಒಂದೇ ಕಡೆ ಸೇರಿದರೆ ಉತ್ಪಾದಕತೆ ಏರುತ್ತಾ, ಇಲ್ಲಾ ಪೈಪೋಟಿ ಇದ್ದರೆ ಮಾತ್ರವಾ?

ಪೀಣ್ಯ ಟೂಲ್‌ರೂಮ್

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಸಣ್ಣ ಪ್ರೆಸ್ ಶಾಪ್ ನೋಡಿಕೊಳ್ಳುತ್ತೇನೆ. ಬ್ರಾಕೆಟ್, ಕ್ಲ್ಯಾಂಪ್, ಸೀಟಿನ ಕೆಳಗಿನ ಪಟ್ಟಿ, ಇಂಥ ಮಾಲು. ನಮ್ಮಿಂದ ದೊಡ್ಡ ವೆಂಡರ್‌ಗೆ ಹೋಗುತ್ತೆ, ಅವರಿಂದ ಕಾರು ಕಂಪನಿಗೆ.

ಮೊನ್ನೆ ಕೈಗಾರಿಕೆಯವರ ಸಭೆಯೊಂದರಲ್ಲಿ ಒಬ್ಬರು ಬಹಳ ಸಲೀಸಾಗಿ ಹೇಳಿದರು: "ಬಿಡದಿ ಸುತ್ತ ಇನ್ನಷ್ಟು ಜಾಗ ಕೊಡಿ, ಎಲ್ಲರನ್ನೂ ಒಂದೇ ಕಡೆ ತನ್ನಿ. ಚೆನ್ನೈ ಹತ್ತಿರದ ಶ್ರೀಪೆರಂಬುದೂರು ಥರ ಆಗುತ್ತೆ, ಉತ್ಪಾದಕತೆ ತಾನಾಗೇ ಏರುತ್ತೆ." ಯಾರೂ ಎದುರು ಮಾತಾಡಲಿಲ್ಲ. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ.

ಚೆನ್ನೈ ಸುತ್ತ ಹ್ಯುಂಡೈ ಇದೆ, ಒರಗಡಂನಲ್ಲಿ ರೆನೋ ಇದೆ, ಬಿಎಂಡಬ್ಲ್ಯು ಇದೆ. ಮರೈಮಲೈ ನಗರದಲ್ಲಿ 2022ರವರೆಗೂ ಫೋರ್ಡ್ ನಡೀತಿತ್ತು. ನಮ್ಮ ಬಿಡದಿಯಲ್ಲಿ 1999ರ ಕೊನೆಯಿಂದ ಕಾರು ಕಂಪನಿ ಅಂದರೆ ಟೊಯೋಟಾ ಒಂದೇ. ಎರಡೂ ಕಡೆ ಫ್ಯಾಕ್ಟರಿಗಳ ಗುಂಪು ಇದೆ, ಆದರೆ ಎರಡೂ ಒಂದೇ ಅಲ್ಲ ಅಂತ ನನಗೆ ಅನ್ನಿಸುತ್ತೆ. ಅಕ್ಕಪಕ್ಕ ಇರೋದರಿಂದಲೇ ಕೆಲಸ ಸುಧಾರಿಸುತ್ತಾ? ಇಲ್ಲಾ ಪಕ್ಕದವನು ನಮ್ಮ ಆರ್ಡರ್ ಕಿತ್ತುಕೊಳ್ಳುತ್ತಾನೆ ಅನ್ನೋ ಭಯದಿಂದ ಸುಧಾರಿಸುತ್ತಾ? ಒಳಗಿದ್ದು ನೋಡಿದವರು ಹೇಳಿ.

ಒರಗಡಂ ಕನ್ನಡಿಗ

ಸಾರ್, ನಾನು ಇಲ್ಲೇ ಒರಗಡಂ ಹತ್ತಿರ ಬಂಪರ್ ಮಾಡುವ ಕಡೆ ಕೆಲಸದಲ್ಲಿದ್ದೇನೆ. ಅಕ್ಕಪಕ್ಕ ಇರೋದರ ಬೆಲೆ ಏನು ಅಂತ ದಿನಾ ನೋಡುತ್ತೇನೆ.

ಕಾರಿನ ಲೈನಲ್ಲಿ ಬಿಳಿ, ಕೆಂಪು, ಬಿಳಿ, ಬೂದು ಅಂತ ಯಾವ ಸಾಲಲ್ಲಿ ಕಾರು ಬರುತ್ತೋ ಅದೇ ಸಾಲಲ್ಲಿ ನಮ್ಮ ಟ್ರಾಲಿಯಲ್ಲಿ ಬಂಪರ್ ಜೋಡಿಸಿ ಕಳಿಸಬೇಕು. ಪೇಂಟ್ ಶಾಪಿಂದ ಬಾಡಿ ಹೊರಬಿದ್ದ ಮೇಲೆ ನಮಗೆ ಸಾಲು ಗೊತ್ತಾಗುತ್ತೆ. ಆಮೇಲೆ ಉಳಿಯೋದು ಕೆಲವೇ ಗಂಟೆ. ಇದನ್ನು ಬೆಂಗಳೂರಿಂದ ಮಾಡೋಕೆ ಆಗಲ್ಲ. ದೂರ ಇದ್ದರೆ ಗೋಡೌನ್ ಬೇಕು, ಎಲ್ಲಾ ಬಣ್ಣದ ಸ್ಟಾಕ್ ಬೇಕು, ಅಷ್ಟು ದುಡ್ಡು ಸುಮ್ನೆ ಕೂತಿರುತ್ತೆ.

ಇನ್ನೊಂದು ವಿಷಯ. ಹ್ಯುಂಡೈ 1996ರಲ್ಲಿ ಇಲ್ಲಿಗೆ ಬಂದಾಗ ಇದು ಬರಡು ನೆಲ ಆಗಿರಲಿಲ್ಲ. ಬಿಡಿಭಾಗ ಮಾಡುವ ಟಿವಿಎಸ್ ಗುಂಪು, ರಾಣೆ, ಬ್ರೇಕ್ಸ್ ಇಂಡಿಯಾ, ಸುಂದರಂ ಫಾಸ್ನರ್ಸ್, ಲಾರಿ ಮಾಡುವ ಎಣ್ಣೂರಿನ ಅಶೋಕ್ ಲೇಲ್ಯಾಂಡ್, ಎಲ್ಲಾ ದಶಕಗಳಿಂದ ಇದ್ದವು. ಸುಂದರಂ ಕ್ಲೇಟನ್ 1998ರಲ್ಲೇ ಗುಣಮಟ್ಟಕ್ಕೆ ಕೊಡುವ ಜಪಾನಿನ ಡೆಮಿಂಗ್ ಪ್ರಶಸ್ತಿ ತಗೊಂಡಿತು. ಭಾರತಕ್ಕೆ ಬಂದ ಮೊದಲ ಡೆಮಿಂಗ್ ಅದು. ಆ ಜನ, ಆ ಶಿಸ್ತು ಮೊದಲೇ ಇತ್ತು. ಆದ್ದರಿಂದ ನನ್ನ ಓಟು ಅಕ್ಕಪಕ್ಕಕ್ಕೇ.

ಹೌರಾ ಮೇಲ್

ಒರಗಡಂ ಅವರೇ, ಹಾಗಾದರೆ ಕೋಲ್ಕತ್ತಾಗೆ ಏನಾಯ್ತು ಹೇಳಿ?

ನಾನು ನೌಕರಿ ಮೇಲೆ ಅಲ್ಲಿ ಬಹಳ ವರ್ಷ ಇದ್ದವನು. ಹೌರಾದಲ್ಲಿ ಗಲ್ಲಿಗೊಂದು ಫೌಂಡ್ರಿ. ಎರಕ, ಫೋರ್ಜಿಂಗ್, ಲೇತ್ ಕೆಲಸ, ಯಾವುದು ಬೇಕು ಕೇಳಿ, ಸಿಗುತ್ತಿತ್ತು. ಉಕ್ಕು ಪಕ್ಕದಲ್ಲೇ, ಬಂದರು ಪಕ್ಕದಲ್ಲೇ. ಅಲ್ಲಿಂದ ಸ್ವಲ್ಪ ಮೇಲೆ ಹೋದರೆ ಉತ್ತರಪಾಡಾ, ಅಂಬಾಸಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್. ನೀವು ಹೇಳೋ 'ಅಕ್ಕಪಕ್ಕ' ಅಷ್ಟೂ ಇತ್ತು. ಆದರೂ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಅದೇ ಮೈಕಟ್ಟಲ್ಲಿ ಬಂತು. ಯಾಕೆ? ಎಲ್ಲದಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ಕಾಲದಲ್ಲಿ ಗಿರಾಕಿ ವರ್ಷಗಟ್ಟಲೆ ಕಾಯುತ್ತಿದ್ದ. ಬುಕ್ ಮಾಡಿದವನು ಬಾಗಿಲು ಸರಿಯಾಗಿ ಕೂರಲಿಲ್ಲ ಅಂತ ವಾಪಸ್ ಹೋಗುತ್ತಿರಲಿಲ್ಲ, ಹೋಗೋಕೆ ಬೇರೆ ಜಾಗವೇ ಇರಲಿಲ್ಲ. ಬಾಗಿಲು ಸರಿ ಮಾಡೋಕೆ ಕಂಪನಿಗೆ ಕಾರಣ ಏನಿತ್ತು? ಹೌರಾದ ಫೌಂಡ್ರಿಯವನಿಗೆ ಕಾರಣ ಏನಿತ್ತು?

ಪೈಪೋಟಿ ಇಲ್ಲದ ಕಡೆ ಅಕ್ಕಪಕ್ಕ ಇದ್ದರೆ ಎಲ್ಲರೂ ಒಟ್ಟಿಗೆ ನಿದ್ದೆ ಮಾಡುತ್ತಾರೆ ಅಷ್ಟೆ.

ರಾಮನಗರದ ರೇಷ್ಮೆ

ಅಂಬಾಸಡರ್ ಬಗ್ಗೆ ಹಂಗೆಲ್ಲಾ ಹೇಳಬೇಡಿ ಸಾರ್. ನಮ್ಮೂರ ಕೆಟ್ಟ ರಸ್ತೆಯಲ್ಲಿ ಓಡಿದ್ದು ಅದೊಂದೇ.

ಹೌರಾ ಮೇಲ್

ಕಾರನ್ನು ನಾನೂ ಪ್ರೀತಿಸುತ್ತೇನೆ. ಫ್ಯಾಕ್ಟರಿಯ ಮಾತು ಬೇರೆ.

ಧಾರವಾಡದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ನಾನು ಕಾಲೇಜಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಒಂದೇ ಕಡೆ ಸೇರಿದರೆ ಲಾಭ ಇದೆ, ಅದರಲ್ಲಿ ಅನುಮಾನ ಬೇಡ. ಕೆಲಸ ಗೊತ್ತಿರುವ ಜನ ಹತ್ತಿರದಲ್ಲಿ ಸಿಗುತ್ತಾರೆ, ಒಬ್ಬ ವೆಂಡರ್ ಹಲವರಿಗೆ ಮಾಲು ಕೊಟ್ಟು ದೊಡ್ಡ ಮೆಷಿನ್ ಹಾಕಬಹುದು, ಒಬ್ಬರ ಹೊಸ ಉಪಾಯ ಟೀ ಅಂಗಡಿಯಲ್ಲೇ ಇನ್ನೊಬ್ಬರಿಗೆ ಗೊತ್ತಾಗುತ್ತೆ. ಆದರೆ ಲೆಕ್ಕ ಹಾಕುವಾಗ ಎಡವುವ ಜಾಗ ಒಂದಿದೆ. ಒಂದು ಗುಂಪಿನ ಫ್ಯಾಕ್ಟರಿಗಳು ಚೆನ್ನಾಗಿವೆ ಅಂದರೆ, ಗುಂಪಿನಿಂದ ಚೆನ್ನಾದವೋ, ಇಲ್ಲಾ ಪೈಪೋಟಿಯಲ್ಲಿ ಸೋತವು ಬಾಗಿಲು ಹಾಕಿ ಗೆದ್ದವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಿವೆಯೋ? ಈ ಎರಡನ್ನು ಬಿಡಿಸಿ ನೋಡದೆ "ಗುಂಪು ಮಾಡಿ, ಉತ್ಪಾದಕತೆ ಬರುತ್ತೆ" ಅನ್ನೋದು ಅವಸರದ ಮಾತು.

ಡೆಟ್ರಾಯ್ಟ್ ನೋಡಿ. ಕಾರು ಕಂಪನಿಗಳ ಗುಂಪಿಗೆ ಅದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಆದರೆ ಮೂರು ದೊಡ್ಡ ಕಂಪನಿಗಳು ದಶಕಗಟ್ಟಲೆ ಹೊರಗಿನ ಏಟು ತಿನ್ನದೆ ಕೂತವು. ಜಪಾನಿನ ಕಾರುಗಳು ಬಂದಾಗ 1981ರಲ್ಲಿ ವರ್ಷಕ್ಕೆ 16.8 ಲಕ್ಷ ಅಂತ ಮಿತಿ ಹಾಕಿಸಿಕೊಂಡರು. ಜಪಾನಿನವರು ಅಮೆರಿಕದಲ್ಲೇ ಫ್ಯಾಕ್ಟರಿ ಕಟ್ಟಿದರು. ಎಲ್ಲಿ ಗೊತ್ತಾ? ಹೋಂಡಾ ಓಹಾಯೋದ ಮೇರಿಸ್ವಿಲ್‌ನಲ್ಲಿ, ನಿಸ್ಸಾನ್ ಟೆನೆಸಿಯ ಸ್ಮಿರ್ನಾದಲ್ಲಿ, ಟೊಯೋಟಾ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ. ಈ ಮೂವರಲ್ಲಿ ಯಾರೂ ಡೆಟ್ರಾಯ್ಟ್ ಒಳಗೆ ಹೋಗಲಿಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಥೆ ಇನ್ನೂ ಚೆನ್ನಾಗಿದೆ. ಜನರಲ್ ಮೋಟಾರ್ಸ್ (ಜಿಎಂ) 1982ರಲ್ಲಿ ಮುಚ್ಚಿದ ಫ್ಯಾಕ್ಟರಿ ಅದು. ಗೈರುಹಾಜರಿ ನೂರಕ್ಕೆ 20ರ ಆಸುಪಾಸು ಇತ್ತಂತೆ. 1984ರಲ್ಲಿ ಟೊಯೋಟಾ ಜೊತೆ ಸೇರಿ ತೆರೆದರು. ಹೆಚ್ಚಿನವರು ಅದೇ ಹಳೇ ಕಾರ್ಮಿಕರು, ಯೂನಿಯನ್ ಅದೇ, ಊರೂ ಅದೇ. ಕೆಲಸ ಮಾಡುವ ರೀತಿ ಮಾತ್ರ ಬದಲಾಯಿತು, ಗುಣಮಟ್ಟ ಜಪಾನಿನ ಮಟ್ಟಕ್ಕೆ ಹತ್ತಿರ ಬಂತು. ಅಲ್ಲಿ ಹೊಸ ಗುಂಪು ಎಲ್ಲಿತ್ತು?

ಒರಗಡಂ ಕನ್ನಡಿಗ

ಮೇಷ್ಟ್ರೇ, ಜಪಾನಿನವರು ಓಹಾಯೋಗೆ ಒಬ್ಬರೇ ಹೋಗಲಿಲ್ಲ, ತಮ್ಮ ವೆಂಡರ್‌ಗಳನ್ನೂ ಕರೆದುಕೊಂಡು ಹೋದರು. ಹೊಸ ಗುಂಪು ಕಟ್ಟಿದರು. ಹ್ಯುಂಡೈ ಕೂಡ ಇಲ್ಲಿ ಅದನ್ನೇ ಮಾಡಿತು, ಕೊರಿಯಾದಿಂದ ಎಷ್ಟೊಂದು ಕಂಪನಿ ಬಂದವು. ನಿಮ್ಮ ಉದಾಹರಣೆ ನನ್ನ ಕಡೆಗೇ ಬರುತ್ತೆ.

ನ್ಯೂಕಾಸಲ್ ನಿವಾಸಿ

ನಾನು ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿದ್ದೇನೆ, ಮೂಲ ಹಾಸನ. ಇಲ್ಲಿ ಸಂಡರ್‌ಲ್ಯಾಂಡ್ ಅಂತ ಪಕ್ಕದೂರು. ಹಡಗು ಕಟ್ಟುವ ಕೆಲಸ, ಕಲ್ಲಿದ್ದಲು, ಎರಡೂ ಮುಗಿಯುತ್ತಾ ಬಂದಿದ್ದ ಕಾಲ. ಕಾರು ಮಾಡಿ ಗೊತ್ತೇ ಇಲ್ಲದ ಜನ. 1986ರಲ್ಲಿ ನಿಸ್ಸಾನ್ ಅಲ್ಲಿ ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಬ್ಲೂಬರ್ಡ್ ಜೋಡಿಸೋಕೆ ಶುರು ಮಾಡಿತು. 90ರ ದಶಕದ ಕೊನೆಗೆ ಯುರೋಪಿನಲ್ಲೇ ಒಬ್ಬ ಕೆಲಸಗಾರನಿಗೆ ಅತಿ ಹೆಚ್ಚು ಕಾರು ಮಾಡುವ ಫ್ಯಾಕ್ಟರಿ ಅನ್ನೋ ಹೆಸರು ಬಂತು. ವರ್ಷಕ್ಕೆ ತಲೆಗೆ ಸುಮಾರು 100 ಕಾರು.

ಅದೇ ಹೊತ್ತಲ್ಲಿ ಬರ್ಮಿಂಗ್‌ಹ್ಯಾಮ್ ಸುತ್ತ, ಅಂದರೆ ಬ್ರಿಟನ್ನಿನ ಕಾರು ಉದ್ಯಮ ಹುಟ್ಟಿ ಬೆಳೆದ ನಾಡಲ್ಲಿ, ಲಾಂಗ್‌ಬ್ರಿಡ್ಜ್ ಫ್ಯಾಕ್ಟರಿ ಅದರ ಹತ್ತಿರಕ್ಕೂ ಬರಲಿಲ್ಲ. ಬ್ರಿಟಿಷ್ ಲೇಲ್ಯಾಂಡ್ ಅಂತ 1968ರಲ್ಲಿ ಲಾಂಗ್‌ಬ್ರಿಡ್ಜ್ ಸೇರಿ ಬ್ರಿಟನ್ನಿನ ಹೆಚ್ಚಿನ ಸ್ವದೇಶಿ ಕಂಪನಿಗಳನ್ನು ಒಂದೇ ಕಂಪನಿ ಮಾಡಿದರು. ಒಳಗಿದ್ದ ಪೈಪೋಟಿ ಹೋಯಿತು. 1975ರಲ್ಲಿ ಸರ್ಕಾರ ತಗೊಂಡಿತು, ಸೋತಾಗಲೆಲ್ಲಾ ದುಡ್ಡು ಸುರಿಯಿತು. ಅದರಲ್ಲಿ ಕೊನೆಗೆ ಉಳಿದ ಎಂಜಿ ರೋವರ್ 2005ರಲ್ಲಿ ಮುಳುಗಿತು. ವೆಂಡರ್‌ಗಳು, ಅನುಭವ, ಹೆಸರು, ಎಲ್ಲಾ ಇತ್ತು.

ಲೆಕ್ಕ ಪಕ್ಕಾ

"ತಲೆಗೆ 100 ಕಾರು" ಅನ್ನೋ ಲೆಕ್ಕ ನಂಬಬೇಡಿ. ಸೀಟು, ಡ್ಯಾಶ್‌ಬೋರ್ಡು, ಬಂಪರ್ ಎಲ್ಲಾ ಹೊರಗೆ ಮಾಡಿಸಿದರೆ ಒಳಗೆ ಜನ ಕಡಿಮೆ ಬೇಕು, ತಲೆಗೆ ಕಾರು ಜಾಸ್ತಿ ಕಾಣುತ್ತೆ. ಕೆಲಸ ಮಾಯ ಆಗಿರಲ್ಲ, ಪಕ್ಕದ ಗೇಟಿಗೆ ಹೋಗಿರುತ್ತೆ. ಅದರ ಮೇಲೆ ಗುತ್ತಿಗೆ ಕಾರ್ಮಿಕರನ್ನು ಲೆಕ್ಕದಲ್ಲಿ ಬಿಟ್ಟರಂತೂ ಮುಗೀತು. ಕಾರು ಎಷ್ಟು ಅಂತ ಅಲ್ಲ, ಕೊಂಡ ಮಾಲಿನ ಬೆಲೆ ಕಳೆದು ಒಬ್ಬೊಬ್ಬರು ಎಷ್ಟು ಮೌಲ್ಯ ಸೇರಿಸಿದರು ಅಂತ ನೋಡಬೇಕು. ಜೊತೆಗೆ ಫ್ಯಾಕ್ಟರಿ ಎಷ್ಟು ತುಂಬಿ ಓಡುತ್ತಿದೆ ಅನ್ನೋದನ್ನೂ. ಅರ್ಧ ಖಾಲಿ ಓಡುವ ಲೈನಲ್ಲಿ ದೇವರೇ ಬಂದು ನಿಂತರೂ ಉತ್ಪಾದಕತೆ ಬರಲ್ಲ.

ನ್ಯೂಕಾಸಲ್ ನಿವಾಸಿ

ಅಳತೆ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಲಾಂಗ್‌ಬ್ರಿಡ್ಜ್ ಕೂಡ ಹೊರಗಿಂದ ಮಾಲು ತರಿಸುತ್ತಿತ್ತು. ಅಷ್ಟು ದೊಡ್ಡ ಅಂತರ ಅಳತೆಯಿಂದಲೇ ಬರಲ್ಲ.

ಬಿಡದಿ ಬಿ ಶಿಫ್ಟ್

ಉತ್ಪಾದಕತೆ ಉತ್ಪಾದಕತೆ ಅಂತೀರಲ್ಲ, ಅದನ್ನು ಕೈಯಲ್ಲಿ ಮಾಡುವವರ ಮಾತು ಕೇಳಿ.

ನಾನು ಐಟಿಐ ಫಿಟ್ಟರ್. ಬಿಡದಿ ಕಡೆ ಒಂದು ಬಿಡಿಭಾಗದ ಕಂಪನಿಯಲ್ಲಿ ಟ್ರೈನಿ ಅಂತ ಸೇರಿದೆ, ಹೆಸರು ಬೇಡ. ಅವಧಿ ಮುಗಿಯಿತು, ಕಾಯಂ ಮಾಡಲಿಲ್ಲ. ಪಕ್ಕದ ಕಂಪನಿಗೆ ಮತ್ತೆ ಟ್ರೈನಿ ಆಗಿ ಹೋದೆ. ಅದೇ ಸ್ಪಾಟ್ ವೆಲ್ಡಿಂಗ್ ಗನ್ನು, ಅದೇ ಕೆಲಸ, ಸಂಬಳ ಮಾತ್ರ ಮೊದಲಿಂದ. ಕಾಯಂ ಇರುವವರಿಗೂ ನಮಗೂ ಸಂಬಳದಲ್ಲಿ ಆಕಾಶ ಭೂಮಿ ವ್ಯತ್ಯಾಸ. "ಅನುಭವ ಇರುವ ಜನ ಹತ್ತಿರದಲ್ಲೇ ಸಿಗುತ್ತಾರೆ" ಅಂತ ಮೇಷ್ಟ್ರು ಹೇಳಿದರಲ್ಲ, ಆ ಜನ ನಾವೇ. ಕೆಲಸ ಕೊಡುವವರು ಕಡಿಮೆ ಇದ್ದಾಗ ನಮ್ಮ ಅನುಭವಕ್ಕೆ ಬೆಲೆ ಕಟ್ಟುವವರು ಯಾರು? ಇನ್ನೊಂದು ಕಾರು ಕಂಪನಿ ಬಂದು ನಮ್ಮನ್ನು ಜಾಸ್ತಿ ಸಂಬಳಕ್ಕೆ ಕರೆದರೆ ಆಗ ಇವರೂ ಉಳಿಸಿಕೊಳ್ಳಲು ನೋಡುತ್ತಾರೆ. ಪೈಪೋಟಿ ಮಾಲಿಗೆ ಮಾತ್ರ ಇದ್ದರೆ ಸಾಲದು, ಕೆಲಸಗಾರನಿಗೂ ಇರಬೇಕು.

ಎರಡು ವರ್ಷಕ್ಕೊಮ್ಮೆ ಜನ ಬದಲಾಯಿಸಿದರೆ ಕಲಿತದ್ದೆಲ್ಲಾ ಗೇಟಿಂದ ಆಚೆ ಹೋಗುತ್ತೆ. ಅದೂ ಉತ್ಪಾದಕತೆಯ ನಷ್ಟ ಅಲ್ವಾ?

ಲೆಕ್ಕ ಪಕ್ಕಾ

ಇದು ಈ ಚರ್ಚೆಯ ಅತಿ ಮುಖ್ಯ ಮಾತು. ನೂರಕ್ಕೆ ನೂರು ಒಪ್ಪುತ್ತೇನೆ.

ಹೌರಾ ಮೇಲ್

ಹರಿಯಾಣದ ಮಾನೇಸರ್‌ನ ಮಾರುತಿ ಫ್ಯಾಕ್ಟರಿಯಲ್ಲಿ 2012ರ ಜುಲೈಯಲ್ಲಿ ನಡೆದ ಗಲಾಟೆ, ಮ್ಯಾನೇಜರ್ ಒಬ್ಬರ ಸಾವು ಎಲ್ಲರಿಗೂ ನೆನಪಿರಬೇಕು. ಗುತ್ತಿಗೆ ಕಾರ್ಮಿಕರ ಸಂಬಳದ ಪ್ರಶ್ನೆ ಅದಕ್ಕೂ ಮುಂಚಿನಿಂದ ಅಲ್ಲಿ ಹೊಗೆಯಾಡುತ್ತಿತ್ತು. ಬಿಡದಿಯ ಟೊಯೋಟಾದಲ್ಲೂ 2020ರ ನವೆಂಬರಿನಲ್ಲಿ ಮುಷ್ಕರ, ಲಾಕೌಟ್ ಎರಡೂ ಆಯಿತು. ಲೈನ್ ನಿಂತ ದಿನಗಳನ್ನು ಯಾವ ಉತ್ಪಾದಕತೆಯ ಪಟ್ಟಿಯಲ್ಲಿ ಬರೆಯುತ್ತೀರಿ?

ಪೀಣ್ಯ ಟೂಲ್‌ರೂಮ್

ಬಿ ಶಿಫ್ಟ್ ತಮ್ಮಾ, ನೀನು ಬರೆದದ್ದು ಓದಿ ಮನಸ್ಸಿಗೆ ನಾಟಿತು. ನಮ್ಮಂಥ ಸಣ್ಣವರು ಕಲಿಸಿದ ಹುಡುಗರೂ ಹಂಗೇ ದೊಡ್ಡ ಗೇಟಿನ ಆಸೆಗೆ ಹೋಗಿ ಟ್ರೈನಿ ಆಗೇ ಉಳಿಯುತ್ತಾರೆ.

ನನ್ನ ಶಾಪಿನ ಒಂದು ವಿಷಯ ಹೇಳುತ್ತೇನೆ. ಪ್ರೆಸ್ಸಿನಲ್ಲಿ ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚು, ಬದಲಾಯಿಸೋದು ನಮಗೆ ಮೊದಲು ಅರ್ಧ ಶಿಫ್ಟಿನ ಕೆಲಸ. ಫೋರ್ಕ್‌ಲಿಫ್ಟ್ ಹುಡುಕು, ರ‍್ಯಾಕಿನ ಹಿಂದಿಂದ ಡೈ ತೆಗೆ, ಬೋಲ್ಟ್ ಒಂದೊಂದು ಒಂದೊಂದು ಅಳತೆ, ಸ್ಪ್ಯಾನರ್ ಇನ್ಯಾರೋ ತಗೊಂಡು ಹೋಗಿರುತ್ತಾರೆ. ಡೈ ಎತ್ತರ ಬೇರೆ ಬೇರೆ, ಆದ್ದರಿಂದ ಪ್ರೆಸ್ಸಿನ ಸ್ಲೈಡ್ ಪ್ರತಿ ಸಲ ಏರಿಸಿ ಇಳಿಸಿ ನೋಡಬೇಕು. ಆಮೇಲೆ ಟ್ರಯಲ್ ಪೀಸ್, ಫಿಕ್ಸ್‌ಚರಿನಲ್ಲಿ ಕೂರಿಸಿ ನೋಡು, ಮತ್ತೆ ಸಂದಿಗೆ ತೆಳು ಪಟ್ಟಿ (ಶಿಮ್) ಹಾಕು. ಇಷ್ಟು ಹೊತ್ತು ಹೋಗುತ್ತೆ ಅಂತಲೇ ಒಂದು ಸಲ ಡೈ ಹಾಕಿದರೆ ತಿಂಗಳಿಗಾಗುವಷ್ಟು ಪೀಸ್ ಹೊಡೆದು ಬಿನ್ ತುಂಬಿಸಿಡುತ್ತಿದ್ದೆವು. ತುಕ್ಕು ಹಿಡಿದರೆ ಸ್ಕ್ರ್ಯಾಪ್.

ಈಗ ಕಾಲು ಗಂಟೆ. ಎಲ್ಲಾ ಡೈಗೂ ಕೆಳಗೆ ಪ್ಯಾಕಿಂಗ್ ಪ್ಲೇಟ್ ಕೊಟ್ಟು ಒಂದೇ ಎತ್ತರ ಮಾಡಿದೆವು. ಕ್ಲ್ಯಾಂಪ್ ಎಲ್ಲಾ ಒಂದೇ ಅಳತೆ. ರೋಲರ್ ಹಾಕಿದ ಟ್ರಾಲಿ. ಓಡುತ್ತಿರುವ ಲಾಟ್ ಮುಗಿಯೋ ಮುಂಚೆಯೇ ಮುಂದಿನ ಡೈ ಪ್ರೆಸ್ ಪಕ್ಕ ನಿಂತಿರುತ್ತೆ. ಇದೇನೂ ನಮ್ಮ ಕಂಡುಹಿಡಿತ ಅಲ್ಲ. ಟೊಯೋಟಾದವರು ಜಪಾನಿನಲ್ಲಿ 60-70ರ ದಶಕದ ಸಂಧಿಯಲ್ಲೇ ದೊಡ್ಡ ಪ್ರೆಸ್ಸಿನ ಡೈ ಬದಲಾವಣೆಯನ್ನು ಗಂಟೆಗಳಿಂದ ಮೂರು ನಿಮಿಷಕ್ಕೆ ಇಳಿಸಿದ್ದರು.

ಕಲಿತದ್ದು ಪಕ್ಕದ ರಸ್ತೆಯ ಶಾಪಿನಿಂದ. ಅವರ ಫೋರ್‌ಮನ್ ಬಂದು ತೋರಿಸಿಕೊಟ್ಟರು. ಅಲ್ಲಿಗೆ ಒರಗಡಂ ಅವರ ಮಾತು ನಿಜ. ಆದರೆ ಅವರು ಹಾಗೆ ಮಾಡುತ್ತಿದ್ದಾರೆ ಅಂತ ನಮಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಕೈ ಹಾಕಿದ್ದು ಯಾವಾಗ? ಹೊಸೂರಿನ ಇನ್ನೊಬ್ಬ ವೆಂಡರ್ ನಮ್ಮ ಬ್ರಾಕೆಟ್ಟಿಗೆ ಕಡಿಮೆ ರೇಟು ಕೊಟ್ಟು ಆರ್ಡರಿನ ಅರ್ಧ ಭಾಗ ಹೊಡೆದುಕೊಂಡು ಹೋದ ಮೇಲೆ.

ರಾಮನಗರದ ರೇಷ್ಮೆ

ಬಿಡದಿ ಅಂದಾಕ್ಷಣ ನನಗೆ ಕ್ವಾಲಿಸ್ ನೆನಪಾಗುತ್ತೆ. ಅಷ್ಟು ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು 2005ರಲ್ಲಿ ನಿಲ್ಲಿಸಿದ್ದು ಯಾಕೋ ಇವತ್ತಿಗೂ ಅರ್ಥ ಆಗಿಲ್ಲ.

ಕ್ಯಾಬ್ ಕೆಂಪಣ್ಣ

ಇನ್ನೋವಾ ತರೋಕೆ ನಿಲ್ಲಿಸಿದರು ಸಾರ್. ಗಾಡಿ ಚೆನ್ನಾಗಿ ಹೋಗುತ್ತಿರುವಾಗಲೇ ನಿಲ್ಲಿಸಿ ಅದಕ್ಕಿಂತ ಒಳ್ಳೇದು ತಂದರು. ಅಂಬಾಸಡರ್‌ನವರು ಮಾಡದೇ ಇದ್ದದ್ದು ಅದನ್ನೇ. ನಾನು ಎರಡನ್ನೂ ಓಡಿಸಿದ್ದೇನೆ.

ರಾಮನಗರದ ರೇಷ್ಮೆ

ಪೀಣ್ಯದಿಂದ ಬಿಡದಿಗೆ ನೈಸ್ ರೋಡಲ್ಲಿ ಟೋಲ್ ಎಷ್ಟಾಗಿದೆ ಈಗ? ಮಾಲು ಸಾಗಿಸುವವರು ಅದನ್ನೂ ಲೆಕ್ಕಕ್ಕೆ ಸೇರಿಸಿ.

ಧಾರವಾಡದ ಮೇಷ್ಟ್ರು

ಕೆಂಪಣ್ಣನವರ ಮಾತಿನಲ್ಲಿ ಒಂದು ಪಾಠಕ್ಕಾಗುವಷ್ಟು ಸರಕಿದೆ. ಮಾರುತಿಯನ್ನೇ ನೋಡಿ. 90ರ ದಶಕದ ನಡುವೆ ದೇಶದ ಕಾರು ಮಾರುಕಟ್ಟೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಪಾಲು ಅವರದೇ. 1998ರಲ್ಲಿ ಹ್ಯುಂಡೈನ ಸ್ಯಾಂಟ್ರೋ ಬಂತು, ಡೇವೂನ ಮಟೀಜ್ ಬಂತು, ವರ್ಷದ ಕೊನೆಗೆ ಟಾಟಾದ ಇಂಡಿಕಾ ಬಂತು. ಮಾರುತಿ ಬೆಲೆ ಇಳಿಸಿತು. ಆಮೇಲೆ ಹೊಸ ಮಾಡೆಲ್, ವೆಂಡರ್‌ಗಳ ಸಂಖ್ಯೆ ಕಡಿತ, 2001ರಲ್ಲಿ ಸ್ವಯಂ ನಿವೃತ್ತಿ ಯೋಜನೆ. ಮಾರುತಿಯ ಗುರುಗ್ರಾಮದ ಗುಂಪು ಅದಕ್ಕೂ ಮುಂಚೆ ಹದಿನೈದು ವರ್ಷದಿಂದ ಅಲ್ಲೇ ಇತ್ತು. ಅದನ್ನು ಎಬ್ಬಿಸಿದ್ದು ಹೆಚ್ಚಾಗಿ ಚೆನ್ನೈ ಮತ್ತು ಪುಣೆಯಿಂದ ಬಂದ ಕಾರುಗಳು. ಪೈಪೋಟಿ ಪಕ್ಕದ ಬೀದಿಯಿಂದಲೇ ಬರಬೇಕು ಅಂತಿಲ್ಲ.

ಚಾಕಣ್ ಚನ್ನಬಸು

ಪುಣೆ ಹೆಸರು ಬಂತು ಅಂತ ಬರೆಯುತ್ತಿದ್ದೇನೆ. ಇಲ್ಲಿ ಪಿಂಪ್ರಿಯಲ್ಲಿ ಟಾಟಾ, ಆಕುರ್ಡಿಯಲ್ಲಿ ಬಜಾಜ್, ಮುಂಢ್ವಾದಲ್ಲಿ ಭಾರತ್ ಫೋರ್ಜ್ ಹಳಬರು. ಆಮೇಲೆ ಚಾಕಣ್‌ಗೆ ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ಮಹೀಂದ್ರಾ. ಲಾರಿಗೆ, ಬೈಕಿಗೆ, ಆಟೋಗೆ, ಕಾರಿಗೆ ಒಂದೇ ಶಾಪಿನವರು ಮಾಲು ಕೊಡುತ್ತಾರೆ. ಒಂದು ಬಿದ್ದರೆ ಇನ್ನೊಂದು ಹಿಡಿಯುತ್ತೆ. ತಳೇಗಾಂವ್‌ನಲ್ಲಿ ಜಿಎಂ 2020ರಲ್ಲಿ ನಿಲ್ಲಿಸಿದಾಗ ಅಲ್ಲಿನ ಕಾರ್ಮಿಕರಿಗೆ ಬಹಳ ಕಷ್ಟ ಆಯಿತು, ಅದನ್ನು ಮರೆಯಬಾರದು. ಆದರೆ ಊರಿನ ವೆಂಡರ್‌ಗಳು ಮುಳುಗಲಿಲ್ಲ. ಆ ಫ್ಯಾಕ್ಟರಿಯನ್ನೂ ಆಮೇಲೆ ಹ್ಯುಂಡೈ ಕೊಂಡಿತು.

ಒರಗಡಂ ಕನ್ನಡಿಗ

ನೋಡಿ, ಗುಂಪಿನ ಬಲ ಅಂದರೆ ಅದು. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಬ್ರೇಕಿನ ಒಂದು ಸಣ್ಣ ವಾಲ್ವ್, ಟೊಯೋಟಾಗೆ ಹೆಚ್ಚುಕಮ್ಮಿ ಅಷ್ಟನ್ನೂ ಐಸಿನ್ ಒಬ್ಬರೇ ಮಾಡುತ್ತಿದ್ದರು. ಟೊಯೋಟಾ ಹತ್ತಿರ ಕೆಲವೇ ಗಂಟೆಗಳ ಸ್ಟಾಕ್. ಜಪಾನಿನಲ್ಲಿ ಟೊಯೋಟಾದ ಹೆಚ್ಚಿನ ಲೈನುಗಳು ನಿಂತವು. ಆದರೆ ಸುತ್ತಮುತ್ತಲಿನ ಸುಮಾರು 200 ಕಂಪನಿ ಸೇರಿಕೊಂಡವು. ಹೊಲಿಗೆ ಮೆಷಿನ್ ಮಾಡುವ ಬ್ರದರ್ ಕೂಡ ವಾಲ್ವ್ ಕೊರೆಯೋಕೆ ಕೂತಿತು. ವಾರದೊಳಗೆ ಲೈನ್ ಓಡತೊಡಗಿತು. ಅಲ್ಲಿ ಯಾರೂ ಪೈಪೋಟಿ ಮಾಡಲಿಲ್ಲ, ಕೈ ಜೋಡಿಸಿದರು.

ಲೆಕ್ಕ ಪಕ್ಕಾ

ಒಂದೇ ವೆಂಡರ್ ಮೇಲೆ ಅಷ್ಟು ಭಾರ ಹಾಕಿದ್ದರಿಂದಲೇ ನಿಂತಿದ್ದು! ಇಬ್ಬರು ವೆಂಡರ್ ಇದ್ದಿದ್ದರೆ ಆ ಫಜೀತಿಯೇ ಇರಲಿಲ್ಲ.

ಒರಗಡಂ ಕನ್ನಡಿಗ

ಅದೂ ನಿಜ. ಆದರೆ ಡ್ರಾಯಿಂಗ್ ಕೊಟ್ಟ ಕೂಡಲೇ ಮಾಡಿಕೊಡುವ 200 ಜನ ಎಲ್ಲಿ ಸಿಗುತ್ತಾರೆ ಹೇಳಿ, ನಂಬಿಕೆ ಇಲ್ಲದ ಕಡೆ? ಮೊದಲು ನಮ್ಮ ಲೆಕ್ಕ ತೀರಿಸಿ ಅಂತ ಟೊಯೋಟಾವನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ.

ಮೆಲ್ಬರ್ನ್ ಮಲೆನಾಡಿಗ

ಗುಂಪು ಬಿಚ್ಚಿಕೊಂಡಾಗ ಏನಾಗುತ್ತೆ ಅಂತ ನಾನು ಹೇಳಬಲ್ಲೆ. ಆಸ್ಟ್ರೇಲಿಯಾದಲ್ಲಿ ಫೋರ್ಡ್ 2013ರ ಮೇ ತಿಂಗಳಲ್ಲಿ ಮುಚ್ಚುತ್ತೇವೆ ಅಂತ ಹೇಳಿತು. ಡಿಸೆಂಬರಿನಲ್ಲಿ ಜಿಎಂನ ಹೋಲ್ಡನ್. 2014ರ ಫೆಬ್ರವರಿಯಲ್ಲಿ ಟೊಯೋಟಾ. ಒಬ್ಬರು ಹೋದರೆ ವೆಂಡರ್‌ಗಳಿಗೆ ಬೇಕಾದಷ್ಟು ಆರ್ಡರ್ ಉಳಿಯಲ್ಲ, ವೆಂಡರ್ ಸತ್ತರೆ ಉಳಿದವರಿಗೆ ಮಾಲು ಸಿಗಲ್ಲ. 2017ರ ಅಕ್ಟೋಬರಿಗೆ ಎಲ್ಲಾ ಮುಗೀತು. ಆಲ್ಟೋನಾದ ಟೊಯೋಟಾ ಫ್ಯಾಕ್ಟರಿಯಲ್ಲಿ ಕ್ಯಾಮ್ರಿ ಮಾಡುತ್ತಿದ್ದ ನನ್ನ ಗೆಳೆಯರು ಕೆಲಸದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ.

ಇಲ್ಲಿ ಪೈಪೋಟಿ ಏನು ಮಾಡಿತು ಅಂತಲೂ ಹೇಳಬೇಕು. 80ರ ದಶಕದ ಮಧ್ಯದಲ್ಲಿ ಆಮದು ಸುಂಕ 57.5 ಪರ್ಸೆಂಟ್ ಇತ್ತು. 2010ಕ್ಕೆ 5ಕ್ಕೆ ಇಳಿಸಿದರು. ಸುಂಕ ಇಳಿದಂತೆ ಫ್ಯಾಕ್ಟರಿಗಳು ಸುಧಾರಿಸಿದ್ದು ನಿಜ. ಆದರೆ ಮಾರುಕಟ್ಟೆ ಚಿಕ್ಕದು, ಆಸ್ಟ್ರೇಲಿಯಾದ ಡಾಲರ್ ದುಬಾರಿ ಆಯಿತು, ಒಂದೊಂದು ಮಾಡೆಲ್ ಬಹಳ ಕಡಿಮೆ ಸಂಖ್ಯೆ. ಎಷ್ಟು ಚುರುಕಾದರೂ ಲೈನ್ ತುಂಬಲಿಲ್ಲ. ಆದ್ದರಿಂದ "ಪೈಪೋಟಿ ತನ್ನಿ, ಎಲ್ಲಾ ಸರಿಹೋಗುತ್ತೆ" ಅನ್ನುವವರಿಗೂ ನನ್ನದು ತಕರಾರು.

ಹೌರಾ ಮೇಲ್

ಒಪ್ಪಿದೆ. ಭಾರತದಲ್ಲಿ ಹೊರಗಿನ ಕಾರಿಗೆ ಬಹಳ ಕಾಲ 60ರಿಂದ 100 ಪರ್ಸೆಂಟ್ ಸುಂಕ ಇತ್ತು. ಆದರೆ ಗೋಡೆಯ ಒಳಗೇ ಹತ್ತಾರು ಕಂಪನಿ ಬಡಿದಾಡಿದವು. ಅದೇ ವ್ಯತ್ಯಾಸ. ಲೈಸೆನ್ಸ್ ಕಾಲದಲ್ಲಿ ಗೋಡೆ ಇತ್ತು, ಒಳಗೆ ಬಡಿದಾಟ ಇರಲಿಲ್ಲ.

ಕ್ಯಾಬ್ ಕೆಂಪಣ್ಣ

ಹಂಗಾದರೆ ಚೆನ್ನೈನಲ್ಲಿ ಫೋರ್ಡ್ ಯಾಕೆ ಮುಚ್ಚಿತು? ಗುಂಪೂ ಇತ್ತು, ಪೈಪೋಟಿಯೂ ಇತ್ತು.

ಲೆಕ್ಕ ಪಕ್ಕಾ

ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಜಾಸ್ತಿ ನಷ್ಟ ಅಂತ ಅವರೇ ಹೇಳಿದರು. ಫ್ಯಾಕ್ಟರಿ ಕೆಟ್ಟದಾಗಿತ್ತು ಅಂತಲ್ಲ, ಅಲ್ಲಿಂದ ಹೊರದೇಶಕ್ಕೂ ಕಾರು ಹೋಗುತ್ತಿತ್ತು. ಇಲ್ಲಿ ಮಾರೋಕೆ ಬೇಕಾದ ಮಾಡೆಲ್ ಸರಿಯಾದ ಹೊತ್ತಿಗೆ ತರಲಿಲ್ಲ, ಲೈನ್ ಖಾಲಿ. ಪೈಪೋಟಿ ಅಂದರೆ ಒಬ್ಬರು ಸೋಲಲೇಬೇಕು. ಗುಜರಾತಿನ ಸಾನಂದದ ಫೋರ್ಡ್ ಫ್ಯಾಕ್ಟರಿಯನ್ನು ಟಾಟಾ ತಗೊಂಡು ಓಡಿಸುತ್ತಿದೆ. ಮೆಷಿನ್ ಅದೇ, ಊರೂ ಅದೇ, ಈಗ ಅದಕ್ಕೆ ಗಿರಾಕಿ ಇರುವ ಕಾರು ಸಿಕ್ಕಿದೆ.

ಹೊಸೂರು ಗಡಿ

ಎಲ್ಲರೂ ಹೊಸೂರನ್ನು ಮರೆತಿದ್ದೀರಿ. ಬೆಂಗಳೂರಿಂದ 40 ಕಿ.ಮೀ. ಟಿವಿಎಸ್, ಅಶೋಕ್ ಲೇಲ್ಯಾಂಡ್, ಈಗ ಏಥರ್. ಏಥರ್ ಬೆಂಗಳೂರಲ್ಲಿ ಬೆಳೆದ ಕಂಪನಿ, ಸ್ಕೂಟರ್ ತಯಾರಾಗೋದು ಹೊಸೂರಲ್ಲಿ. ನಿಮ್ಮ ಸರ್ಕಾರ ಜಾಗ ಕೊಡೋ ಹೊತ್ತಿಗೆ ಇಲ್ಲಿ ಫ್ಯಾಕ್ಟರಿ ಎದ್ದಿರುತ್ತೆ.

ಬಿಡದಿ ಬಿ ಶಿಫ್ಟ್

ನಮ್ಮ ಜಾಗ ಕೊಟ್ಟ ರೈತರನ್ನೂ ಒಂದು ಸಲ ಕೇಳಿ ಸಾರ್, ಸುಲಭವಾಗಿ ಹೇಳಿಬಿಡುತ್ತೀರಿ.

ನಿರ್ವಾಹಕ

ರಾಜ್ಯ ರಾಜ್ಯದ ಜಗಳ ಇಲ್ಲಿ ಬೇಡ. ಜಮೀನಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಅದೂ ಮುಖ್ಯವೇ.

ಪೀಣ್ಯ ಟೂಲ್‌ರೂಮ್

ಎಲ್ಲರದ್ದೂ ಓದಿದೆ. ಯಾರೂ ಮುಟ್ಟದ ಒಂದು ಮಾತು ಉಳಿದಿದೆ.

ಡೈ ಬದಲಾವಣೆ ಕಾಲು ಗಂಟೆಗೆ ಇಳಿಸಿದೆವು ಅಂದೆನಲ್ಲ, ಅದರ ಲಾಭ ನಮ್ಮಲ್ಲಿ ಉಳಿಯಲಿಲ್ಲ. ನಮ್ಮ ಮೇಲಿನ ವೆಂಡರ್ ಪ್ರತಿ ವರ್ಷ ರೇಟು ಇಳಿಸಿ ಅಂತ ಕೂರುತ್ತಾರೆ. ಅವರ ಮೇಲೆ ಕಾರು ಕಂಪನಿ ಕೂತಿರುತ್ತೆ. ನಮಗೆ ಆ ಪೀಸಿಗೆ ಬೇರೆ ಗಿರಾಕಿ ಇಲ್ಲ, ಡೈ ಕೂಡ ಅವರದ್ದೇ. ಬೇಡ ಅಂದರೆ ಡೈ ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ಉಳಿಸಿದ ದುಡ್ಡಷ್ಟೂ ಮೇಲೆ ಹೋಯಿತು, ಸರ್ವೋ ಪ್ರೆಸ್ ಹಾಕೋ ಆಸೆ ಆಸೆಯಾಗೇ ಉಳಿಯಿತು. ಮಾರುವವರ ನಡುವೆ ಮಾತ್ರ ಪೈಪೋಟಿ, ಕೊಳ್ಳುವವನು ಒಬ್ಬನೇ ಅಂದರೆ ಒಂದು ಹಂತದವರೆಗೆ ಕೆಲಸ ಸುಧಾರಿಸುತ್ತೆ. ಆಮೇಲೆ ಹೊಸ ಮೆಷಿನ್‌ಗೆ ಹಾಕೋಕೆ ಕೈಯಲ್ಲಿ ಏನೂ ಇರಲ್ಲ. ಬಿ ಶಿಫ್ಟ್ ತಮ್ಮನಿಗೆ ಆಗಿದ್ದೂ ಇದೇ, ಅವನು ಮಾರುತ್ತಿರೋದು ಕೈಕೆಲಸ, ನಾನು ಮಾರುತ್ತಿರೋದು ಬ್ರಾಕೆಟ್.

ಆದ್ದರಿಂದ ಬಿಡದಿಗೆ ನಾನು ಕೇಳೋದು ಇನ್ನಷ್ಟು ಶೆಡ್ ಅಲ್ಲ, ಇನ್ನೊಬ್ಬ ದೊಡ್ಡ ಗಿರಾಕಿ. 2022ರಲ್ಲಿ ಮಾರುತಿಯ ಗ್ರ್ಯಾಂಡ್ ವಿಟಾರಾ ಬಿಡದಿಯಲ್ಲೇ ತಯಾರಾಗೋಕೆ ಶುರುವಾದಾಗ ಲೈನ್ ತುಂಬಿತು, ಒಳ್ಳೇದಾಯಿತು. ಆದರೆ ಖರೀದಿ ಮಾಡುವ ಗೇಟು ಅದೇ. ಒರಗಡಂ ಅವರೇ, ನಿಮ್ಮ ಬಂಪರ್ ಕಂಪನಿಗೆ ಎಷ್ಟು ಗಿರಾಕಿ?

ಒರಗಡಂ ಕನ್ನಡಿಗ

ಮೂವರು. ಒಬ್ಬರು ರೇಟು ಜಾಸ್ತಿ ಹಿಂಡಿದರೆ ಇನ್ನೊಬ್ಬರ ಹೊಸ ಮಾಡೆಲ್‌ಗೆ ಕೋಟ್ ಮಾಡುತ್ತೇವೆ. ಫೋರ್ಡ್ ಹೋದಾಗ ಆ ಕೆಲಸ ಮಾಡುತ್ತಿದ್ದ ಪರಿಚಯದ ಶಾಪಿನವರು ಎರಡು ವರ್ಷದೊಳಗೆ ಬೇರೆಯವರ ಮಾಲು ಹಿಡಿದರು. ನೀವು ಹೇಳೋ ಅರ್ಥದಲ್ಲಿ ನನ್ನ ಅಕ್ಕಪಕ್ಕ, ನಿಮ್ಮ ಪೈಪೋಟಿ ಎರಡೂ ಒಂದೇ ಗೇಟಿಗೆ ಬಂದು ನಿಲ್ಲುತ್ತೆ. ಆದರೂ ಜಾಗ, ರಸ್ತೆ, ಬಂದರು ಇಲ್ಲದೆ ಎರಡನೇ ಗಿರಾಕಿ ಬರಲ್ಲ ಅನ್ನೋದನ್ನು ನಾನು ಬಿಡಲ್ಲ.

ಧಾರವಾಡದ ಮೇಷ್ಟ್ರು

ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿ ತುಮಕೂರೂ ಇದೆಯಲ್ಲ. ನಮ್ಮ ಧಾರವಾಡದಲ್ಲಿ ಟಾಟಾ ಇದೆ. ಎಲ್ಲವನ್ನೂ ಬಿಡದಿಗೇ ತಂದು ಸುರಿಯಬೇಕಾ?

ಬಿಡದಿ ಬಿ ಶಿಫ್ಟ್

ಎಲ್ಲಿ ಬಂದರೂ ಕಾಯಂ ಕೆಲಸ ಕೊಡುವವರು ಬರಲಿ.

ನರಸಾಪುರ ನಂದೀಶ

ಪೀಣ್ಯ ಸಾರ್, ಕಾರು ಕಂಪನಿಗೇ ಯಾಕೆ ಕಾಯುತ್ತೀರಿ? ಕೋಲಾರದ ಕಡೆ ನೋಡಿ. ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ಫ್ಯಾಕ್ಟರಿ ಇದೆ. ನಾನು ಅವರಿಗೆ ಮಾಲು ಕೊಡುವ ಒಂದು ಕಡೆ ಖರೀದಿ ನೋಡುತ್ತೇನೆ. ಸ್ಟ್ಯಾಂಡಿನ ಬ್ರಾಕೆಟ್, ಫುಟ್‌ರೆಸ್ಟ್ ಪ್ಲೇಟ್, ಇವು ನಿಮ್ಮ ಥರದ ಕೆಲಸವೇ. ಕಾಲು ಗಂಟೆಯಲ್ಲಿ ಡೈ ಬದಲಾಯಿಸುವವರು ನಮಗೆ ಬೇಕು, ನಮ್ಮದು ಸಣ್ಣ ಸಣ್ಣ ಲಾಟು. ಎಷ್ಟು ಟನ್ ಪ್ರೆಸ್ ಇದೆ ನಿಮ್ಮಲ್ಲಿ?

ಪೀಣ್ಯ ಟೂಲ್‌ರೂಮ್

250 ಟನ್ ಒಂದು, 110 ಟನ್ ಎರಡು. ಡೈ ನಮ್ಮ ಟೂಲ್‌ರೂಮಿನಲ್ಲೇ ಮಾಡುತ್ತೇವೆ. ಆದರೆ ಒಂದು ಷರತ್ತು, ಡೈ ನಮ್ಮ ಹೆಸರಲ್ಲೇ ಇರಬೇಕು. ಒಪ್ಪಿಗೆ ಆದರೆ ಇಲ್ಲೇ ಸಂದೇಶ ಕಳಿಸಿ, ಡ್ರಾಯಿಂಗ್ ನೋಡೋಣ.

ನರಸಾಪುರ ನಂದೀಶ

ಡೈ ನಿಮ್ಮ ಹೆಸರಲ್ಲಿ ಅಂದರೆ ನಮ್ಮ ಮ್ಯಾನೇಜರ್ ಗಲಾಟೆ ಮಾಡುತ್ತಾರೆ. ಕೇಳಿ ಹೇಳುತ್ತೇನೆ.

ಲೆಕ್ಕ ಪಕ್ಕಾ

ಷರತ್ತು ಬಿಡಬೇಡಿ ಸಾರ್.